ಎಷ್ಟು ಸೆಂಟ್ ಬಂತು?

ಮಾರ್ಚ್ ತಿಂಗಳಲ್ಲಿ ಬೆಳಗ್ಗೆ ಏಳಕ್ಕೇ ಫೋನ್ ಮಾಡಿ 'ಎಷ್ಟು ಸೆಂಟ್ ಬಂತು?' ಅಂತ ಯಾರಾದರೂ ಕೇಳಿದರೆ ಗಾಬರಿ ಬೇಡ. ಕೊಡಗಿನಲ್ಲಿ ಅದು ಆಸ್ತಿ ಪಾಲಿನ ಮಾತಲ್ಲ, ಮಳೆಯ ಮಾತು. ಇಂಚಿನ ನೂರನೇ ಒಂದು ಪಾಲು ನಮಗೆ ಒಂದು ಸೆಂಟ್. 1956ರಲ್ಲಿ ದೇಶಕ್ಕೆ ಮೆಟ್ರಿಕ್ ಕಾಯ್ದೆ ಬಂತು, ಅದೇ ವರ್ಷ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಕೊಡಗು ಸೇರಿತು, ಮಿಲಿಮೀಟರ್ ಮಾತ್ರ ಇನ್ನೂ ಘಟ್ಟ ಹತ್ತಿಲ್ಲ.

ಕಾಫಿ ಹೂ ಅರಳಿಸುವ ಈ ಹೂಮಳೆಯ ಲೆಕ್ಕದಲ್ಲಿ ಸತ್ಯ ಹೇಳುವ ವಾಡಿಕೆಯೂ ಇಲ್ಲ. ಸುಂಟಿಕೊಪ್ಪದವರು ಎಂಬತ್ತು ಅಂದರೆ ಸಿದ್ದಾಪುರದವರು ಒಂದು ಇಂಚು ಐದು ಅನ್ನುತ್ತಾರೆ. ಪಕ್ಕದ ತೋಟದ ಮಾವ ಮಳೆ ಮಾಪಕವನ್ನು ಮಾಡಿನ ನೀರು ಸುರಿಯುವ ಜಾಗದಲ್ಲೇ ಇಟ್ಟಿದ್ದಾರೆ. ಕೇಳಿದರೆ, 'ಅದೂ ಆಕಾಶದ್ದೇ ಅಲ್ವಾ?'

ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟು ತೋಟವೆಲ್ಲ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಹೋಂಸ್ಟೇಗೆ ಬಂದವರು 'ಇದ್ಯಾವ ಸೆಂಟ್?' ಅನ್ನುತ್ತಾರೆ. ಅದು ಬೇರೆ ಸೆಂಟ್. ಅಳತೆಯದು ನೂರು ಎಂಬ ಅರ್ಥದ ಲ್ಯಾಟಿನ್ 'ಸೆಂಟಮ್'ನಿಂದ ಬಂದದ್ದು, ಪರಿಮಳದ್ದು ಅನುಭವಿಸು ಎಂಬ 'ಸೆಂಟೀರೆ'ಯಿಂದ. ಹೆಸರು ಒಂದೇ, ಒಕ್ಕ (ನಮ್ಮಲ್ಲಿ ಮನೆತನ) ಬೇರೆ.

ಇಷ್ಟನ್ನೂ ಸಂಭಾಳಿಸಬಹುದು. ಕಷ್ಟ ಶುರುವಾಗುವುದು ಕಚೇರಿಯಲ್ಲಿ. ಗುಂಟೆಯ ಸೀಮೆಯಿಂದ ವರ್ಗವಾಗಿ ಬಂದ ಹೊಸ ಗುಮಾಸ್ತರು ನನ್ನ ಮಳೆಹಾನಿ ಅರ್ಜಿ ನೋಡಿ ಕನ್ನಡಕ ಏರಿಸಿದರು.

'ಎರಡು ಎಕರೆ ಎಪ್ಪತ್ತೈದು ಅಂತ ಬರ್ದಿದ್ದೀರಿ. ನಲವತ್ತಕ್ಕೇ ಎಕರೆ ಮುಗೀತದಲ್ರೀ!'

'ಅದು ಗುಂಟೆ ಸಾರ್. ಇದು ಸೆಂಟ್. ನೂರಕ್ಕೆ ಒಂದೆಕರೆ. ನಿಮ್ಮ ಒಂದು ಗುಂಟೆಗೆ ನಮ್ಮ ಎರಡೂವರೆ.'

ಅವರು ಕ್ಯಾಲ್ಕುಲೇಟರ್ ಒತ್ತಿ, ಎಪ್ಪತ್ತೈದು ಮೂವತ್ತಾದದ್ದು ಕಂಡು, ನಾನೇನೋ ಜಮೀನು ನುಂಗಿದೆ ಎಂಬಂತೆ ನೋಡಿದರು. 'ಸರಿ, ಹಾನಿಯಾದ ದಿನ ಮಳೆ ಎಷ್ಟು?'

'ಏಳು ಇಂಚು ನಲವತ್ತು ಸೆಂಟ್.'

ತಿಂಗಳಾದ ಮೇಲೆ ಕಾಗದ ಬಂತು. ಹಾನಿಯಾದ ವಿಸ್ತೀರ್ಣ: 40 ಸೆಂಟ್. ಏಳು ಇಂಚು ಎಲ್ಲಿ ಹರಿದು ಹೋಯಿತೋ! ತಿದ್ದಲು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬೇಕಂತೆ. 'ಮಳೆಯೂ ಜಮೀನೂ ಬೇರೆ ಬೇರೆ' ಎಂದು ನಾನು ಸತ್ಯವಾಗಿ ಪ್ರಮಾಣ ಮಾಡಿದ್ದೇನೆ. ನೋಟರಿಯ ಸೀಲೂ ಬಿದ್ದಿದೆ.

ಇನ್ನೊಂದು ಸೆಂಟ್ ಅಮೆರಿಕದ್ದು. ಕಾಫಿಯಲ್ಲಿ ಅರೇಬಿಕಾ ಜಾತಿಯ ದರ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದು ನಿಲ್ಲುತ್ತದೆ, ರೋಬಸ್ಟಾ ದರ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು. ಫೆಬ್ರುವರಿ 2025ರಲ್ಲಿ ನ್ಯೂಯಾರ್ಕ್ 400 ಸೆಂಟ್ ದಾಟಿದಾಗ ವ್ಯಾಪಾರಿಗೆ ಫೋನ್ ಮಾಡಿದೆ. 'ಅದು ಅರೇಬಿಕಾ ಅಣ್ಣ, ನಿಮ್ದು ರೋಬಸ್ಟಾ.' ಮುಂದೆ ಬಿದ್ದಾಗ ಅವನೇ ಫೋನ್ ಮಾಡಿದ: 'ನ್ಯೂಯಾರ್ಕ್ ಹತ್ತು ಸೆಂಟ್ ಇಳಿದಿದೆ ಅಣ್ಣ, ನಾನೇನು ಮಾಡ್ಲಿ?'

ನವೆಂಬರ್ 2025ರಲ್ಲಿ ಅಮೆರಿಕ ಚಲಾವಣೆಗೆಂದು ಒಂದು ಸೆಂಟಿನ ನಾಣ್ಯ ಟಂಕಿಸುವುದನ್ನೇ ನಿಲ್ಲಿಸಿತು. ಒಂದು ಸೆಂಟಿನ ನಾಣ್ಯ ಮಾಡಲು ಮೂರು ಸೆಂಟಿಗೂ ಮೇಲೆ ಖರ್ಚಾಗುತ್ತಿತ್ತಂತೆ. ಸುದ್ದಿ ಓದಿ ಹೇಳಿದೆ. ಮಾವ ಕಾಫಿ ಲೋಟ ಕೆಳಗಿಟ್ಟು ಮಾಡಿನ ಕಡೆ ನೋಡಿದರು.

'ಹಾಗಾದ್ರೆ ಇನ್ನು ಮಳೆ ಅಳೆಯೋದು ಹೇಗೆ?'