ಇಂಡಿಯನ್ ಒಡವೆ, ಜರ್ಮನ್ ಬೆಳ್ಳಿ, ಟರ್ಕಿ ಕಲ್ಲು

ನಮ್ಮ ದೊಡ್ಡಮ್ಮ ಮೈಸೂರಿನಿಂದ ಅಲ್ಬುಕರ್ಕ್‌ಗೆ ಬಂದಿದ್ದರು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ ಅಂದ್ರೆ ಬಯಲು, ಬಿಸಿಲು, ಹಸಿ ಮೆಣಸಿನಕಾಯಿ. ಇದಿಷ್ಟು ಮೂರು ದಿನದಲ್ಲಿ ಮುಗಿಯಿತು. ನಾಲ್ಕನೇ ದಿನ ಒಡವೆ ಅಂಗಡಿ ಸಾಲಿಗೆ ಕರೆದುಕೊಂಡು ಹೋದೆ. ಒಂದು ಅಂಗಡಿ ಮುಂದೆ ದೊಡ್ಡ ಬೋರ್ಡು: ಅಪ್ಪಟ ಇಂಡಿಯನ್ ಒಡವೆ, ಕೈಯಲ್ಲೇ ಮಾಡಿದ್ದು, 70% ರಿಯಾಯಿತಿ, ಅಂಗಡಿ ಮುಚ್ಚುತ್ತಿದ್ದೇವೆ. ನಾನು ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು, ಅವತ್ತಿನಿಂದಲೂ ಆ ಅಂಗಡಿ ಮುಚ್ಚುತ್ತಲೇ ಇದೆ.

"ಏನೋ ಇದು, ಎರಡು ದಿನ ವಿಮಾನದಲ್ಲಿ ಕೂತು ಬಂದು ಇಂಡಿಯಾದ ಒಡವೆ ತಗೋಬೇಕಾ?" ಅಂದರು ದೊಡ್ಡಮ್ಮ.

"ನಮ್ಮ ಇಂಡಿಯನ್ ಅಲ್ಲ ದೊಡ್ಡಮ್ಮ, ಇವರು ಬೇರೆ ಇಂಡಿಯನ್."

ಹೇಳಿ ಮುಗಿಸುವ ಹೊತ್ತಿಗೆ ನನಗೇ ನಾಚಿಕೆಯಾಯಿತು. 1492ರಲ್ಲಿ ಕೊಲಂಬಸ್ ದಾರಿ ತಪ್ಪಿ ಬಂದು ಇಲ್ಲಿಯವರನ್ನು ಇಂಡಿಯನ್ನರು ಅಂದ. ದಾರಿ ತಪ್ಪಿದವನು ಅವನು, ಹೆಸರು ಕಳೆದುಕೊಂಡವರು ಇವರು. ಆಮೇಲೆ ಬಂದ ಸ್ಪೇನಿನವರು ಇವರ ಮಣ್ಣಿನ ಮನೆಗಳ ಊರು ನೋಡಿ "ಪುಯೆಬ್ಲೊ" ಅಂದರು. ಅವರ ಭಾಷೇಲಿ ಹಾಗಂದ್ರೆ ಹಳ್ಳಿ ಅಷ್ಟೇ. ನ್ಯೂ ಮೆಕ್ಸಿಕೋದಲ್ಲಿ ಇವತ್ತು 19 ಪುಯೆಬ್ಲೊಗಳಿವೆ, ಬೇರೆ ಬೇರೆ ಭಾಷೆ, ಬೇರೆ ಬೇರೆ ಆಡಳಿತ, ಆದ್ರೆ ಹೊರಗಿನವರ ಬಾಯಲ್ಲಿ ಎಲ್ಲರೂ ಸೇರಿ "ಹಳ್ಳಿಯವರು".

ಒಡವೆಯ ಕಥೆಯೂ ಹೀಗೇ. ಆ ನೀಲಿ ಕಲ್ಲಿಗೆ ಇಂಗ್ಲಿಷಿನಲ್ಲಿ ಟರ್ಕಾಯಿಸ್ ಅಂತಾರೆ, ನಾವು ಫಿರೋಜಾ ಅಂತೀವಲ್ಲ, ಅದೇ. ಪರ್ಷಿಯಾದ ಕಲ್ಲು ಟರ್ಕಿ ದಾರಿಯಲ್ಲಿ ಯುರೋಪಿಗೆ ಹೋಯಿತು ಅಂತ ಫ್ರೆಂಚರು ಅದನ್ನು ಟರ್ಕಿ ಕಲ್ಲು ಅಂದುಬಿಟ್ಟರು. ರಾಜ್ಯದ ರಾಜಧಾನಿ ಸಾಂಟಾ ಫೆ ಪಕ್ಕದ ಸೆರಿಯೋಸ್ ಗುಡ್ಡಗಳಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಇದೇ ಕಲ್ಲನ್ನು ಅಗೆಯುತ್ತಿದ್ದವರಿಗೆ ಟರ್ಕಿ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿರಲಿಲ್ಲ. ಇನ್ನು ಟೂರಿಸ್ಟರು ಮುಗಿಬಿದ್ದು ಕೊಳ್ಳುವ "ಕುಂಬಳ ಹೂವಿನ ಹಾರ" ಇದೆಯಲ್ಲ, ಅದರಲ್ಲಿ ಕುಂಬಳ ಹೂವೇ ಇಲ್ಲ. ಸ್ಪೇನಿನವರ ಬಟ್ಟೆಯ ಮೇಲೆ ಜೋತಾಡುತ್ತಿದ್ದ ದಾಳಿಂಬೆ ಗುಂಡಿ ಅದು. ಹಾರದ ತುದಿಯ ಅರ್ಧಚಂದ್ರ ಕುದುರೆಯ ಹಣೆಪಟ್ಟಿಯದು, ಉತ್ತರ ಆಫ್ರಿಕಾದ ಮೂರ್ ಅನ್ನುವ ಮುಸ್ಲಿಮರಿಂದ ಸ್ಪೇನಿನವರಿಗೆ, ಸ್ಪೇನಿನವರಿಂದ ಇಲ್ಲಿಗೆ. ನಗಬೇಡಿ, ಗಾಂಧಿ ಬಜಾರಿನಲ್ಲಿ ಜರ್ಮನ್ ಸಿಲ್ವರ್ ಕುಂಕುಮ ಭರಣಿ ಕೊಳ್ಳುವವರು ನಾವು. ತಾಮ್ರ, ನಿಕ್ಕಲ್, ಸತು ಬಿಟ್ಟರೆ ಅದರಲ್ಲಿ ಒಂದು ಚೂರೂ ಬೆಳ್ಳಿ ಇಲ್ಲ.

ಹೆಸರು ಸುಳ್ಳಾದ್ರೂ ಕೆಲಸ ನಿಜ ಇತ್ತು, ಅದೇ ಇಲ್ಲಿನ ವಿಶೇಷ. ಕೀವಾ ಪುಯೆಬ್ಲೊದವರು, ಅಂದ್ರೆ ಅಂಗಡಿಯವರು ಇನ್ನೂ ಸಾಂಟೊ ಡೊಮಿಂಗೊ ಅನ್ನುವ ಊರಿನವರು, ಚಿಪ್ಪು ಮತ್ತು ಕಲ್ಲನ್ನು ಚೂರು ಮಾಡಿ, ಒಂದೊಂದಕ್ಕೂ ತೂತು ಕೊರೆದು, ದಾರಕ್ಕೆ ಪೋಣಿಸಿ, ಇಡೀ ಸರವನ್ನು ಕಲ್ಲಿನ ಮೇಲೆ ಉಜ್ಜಿ ಉಜ್ಜಿ ನಯ ಮಾಡುತ್ತಾರೆ. ಇದಕ್ಕೆ ಹೀಶಿ ಅಂತ ಹೆಸರು. ಚೆನ್ನಾಗಿ ಮಾಡಿದ ಹೀಶಿ ಸರ ಬೆರಳಲ್ಲಿ ಹಾವಿನ ಹಾಗೆ ಜಾರುತ್ತದೆ. ಝೂನಿ ಅನ್ನುವ ಪುಯೆಬ್ಲೊದವರದು ಇನ್ನೊಂದು ಬಗೆ, ಅಕ್ಕಿ ನುಚ್ಚಿನಷ್ಟು ಕಲ್ಲುಗಳನ್ನು ಸೂಜಿಯಂತೆ ಕೊರೆದು, ಒಂದೊಂದಕ್ಕೂ ಬೆಳ್ಳಿಯ ಗೂಡು ಕಟ್ಟಿ, ಒಂದು ಕೈಬಳೆಗೆ ನೂರಾರು ಕೂರಿಸುತ್ತಾರೆ. ಬೆಳ್ಳಿ ಕೆಲಸ ಇವರಿಗೆ ಬಂದದ್ದು 19ನೇ ಶತಮಾನದಲ್ಲಿ, ಮೆಕ್ಸಿಕೋದ ಅಕ್ಕಸಾಲಿಗರಿಂದ ನೆರೆಯ ನವಾಹೊ ಬುಡಕಟ್ಟಿನವರಿಗೆ, ನವಾಹೊಗಳಿಂದ ಝೂನಿಗೆ. ಬೆಳ್ಳಿ ಎಲ್ಲಿಂದ ಅಂತೀರಾ? ನಾಣ್ಯ ಕರಗಿಸಿ. ಸರ್ಕಾರದ ದುಡ್ಡನ್ನು ಇಷ್ಟು ಒಳ್ಳೆ ಕೆಲಸಕ್ಕೆ ಬಳಸಿದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಸರಿ, ಅಂಗಡಿ ಒಳಗೆ ಹೋದೆವು. ದೊಡ್ಡಮ್ಮ ಒಂದು ಕೈಬಳೆ ಎತ್ತಿ ಕೇಳಿದ ಮೊದಲ ಪ್ರಶ್ನೆ, "ತೂಕ ಎಷ್ಟು?" ಅಂಗಡಿಯವನು ಕಣ್ಣು ಬಿಟ್ಟ. ಬೆಳ್ಳಿ ಅಂತ ಮಾರ್ತಾನೆ, ತಕ್ಕಡಿ ಇಟ್ಟಿಲ್ಲ. ತೂಕದ ಬದಲು ಅವನು ಒಂದು ಕಾರ್ಡ್ ಕೊಟ್ಟ. ಬಾಣ ಅಂದ್ರೆ ರಕ್ಷಣೆ, ಹಾವು ಅಂದ್ರೆ ಜಾಣತನ, ಗುಡುಗಿನ ಹಕ್ಕಿ ಅಂದ್ರೆ ಅಪರಿಮಿತ ಸುಖ. "ಇವೆಲ್ಲ ಸಾವಿರಾರು ವರ್ಷದ ಪವಿತ್ರ ಚಿಹ್ನೆ" ಅಂದ.

ಆ ಕಾರ್ಡಿನ ವಯಸ್ಸು ಹೆಚ್ಚೆಂದರೆ ನೂರು ಚಿಲ್ಲರೆ. 19ನೇ ಶತಮಾನದ ಕೊನೆಗೆ ಸಾಂಟಾ ಫೆ ಅನ್ನುವ ಕಂಪನಿಯ ರೈಲಿನಲ್ಲಿ ಟೂರಿಸ್ಟರು ಬರತೊಡಗಿದರು. ರೈಲು ಮಾರ್ಗದ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ ಒಡವೆಯನ್ನೂ ಮಾರತೊಡಗಿತು. ಅಲ್ಲಿಯ ಜನ ತೊಡುತ್ತಿದ್ದ ಒಡವೆ ಭಾರ, ರೈಲು ಹೆಂಗಸರ ಕೈಗೆ ಆಗುತ್ತಿರಲಿಲ್ಲ. ತೆಳು ಮಾಡಿ ಅಂದರು. ಇಂಡಿಯನ್ ಥರ ಕಾಣ್ತಿಲ್ಲ ಅಂದರು, ಬಾಣ ಹೊಡೆಯಿರಿ, ಹಕ್ಕಿ ಹೊಡೆಯಿರಿ ಅಂದರು. ಆಮೇಲೆ ಅರ್ಥ ಏನು ಅಂತ ಟೂರಿಸ್ಟರು ಕೇಳಿದಾಗ, ವ್ಯಾಪಾರಿಗಳು ಕೂತು ಅರ್ಥ ಬರೆದು ಕಾರ್ಡು ಅಚ್ಚು ಹಾಕಿಸಿದರು. ಹೀಗೆ ಇಂಡಿಯನ್ನರು ಇಂಡಿಯನ್ ಥರ ಕಾಣಲು ಯಾರೋ ಬಿಳಿಯರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕಾಯಿತು.

"ಕೈಯಲ್ಲೇ ಮಾಡಿದ್ದು" ಅನ್ನೋ ಮಾತಿಗೂ ಒಂದು ಹಳೆ ವ್ಯಾಜ್ಯ ಇದೆ. 1930ರ ದಶಕದಲ್ಲಿ ಅಲ್ಬುಕರ್ಕ್‌ನ ಒಂದು ದೊಡ್ಡ ಅಂಗಡಿ ಯಂತ್ರದ ಪ್ರೆಸ್ಸಿನಲ್ಲಿ ಬೆಳ್ಳಿ ತಗಡು ಕತ್ತರಿಸಿ ಒಡವೆ ಮಾಡಿಸಿ "ಇಂಡಿಯನ್ನರು ಮಾಡಿದ್ದು" ಅಂತ ಮಾರುತ್ತಿತ್ತು. ಕೇಂದ್ರದ ವ್ಯಾಪಾರ ಆಯೋಗ ಕೇಸು ಹಾಕಿತು. ಅಂಗಡಿಯ ವಾದ ಸರಳ: ಪ್ರೆಸ್ಸು ಯಂತ್ರದ್ದೇ, ಆದ್ರೆ ಅದನ್ನು ನಡೆಸುವವರು ಇಂಡಿಯನ್ನರೇ ಅಲ್ವಾ? ಮಿಕ್ಸಿ ಬಟನ್ ಒತ್ತಿದ್ದು ಅಜ್ಜಿ, ಆದ್ದರಿಂದ ಇದು ಒರಳಲ್ಲಿ ರುಬ್ಬಿದ ಚಟ್ನಿ ಅನ್ನುವ ಹಾಗೆ.

ಈಗ ಕಾನೂನು ಬಿಗಿಯಾಗಿದೆ. 1990ರ ಇಂಡಿಯನ್ ಕಲೆ ಮತ್ತು ಕರಕುಶಲ ಕಾಯ್ದೆ ಪ್ರಕಾರ, ಬುಡಕಟ್ಟಿನವರು ಮಾಡದೇ ಇದ್ದದ್ದನ್ನು ಅವರು ಮಾಡಿದ್ದು ಅಂತ ಮಾರಿದರೆ ಮೊದಲ ಸಲಕ್ಕೇ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು, ಅಥವಾ ಎರಡೂ. ಓದಿದ್ರೆ ನಡುಕ ಬರಬೇಕು. ಅಂಗಡಿಯವರಿಗೆ ನಡುಕ ಬರಲಿಲ್ಲ, ವ್ಯಾಕರಣ ಬಂತು. "ಇಂಡಿಯನ್ ಒಡವೆ" ಹೋಗಿ "ಇಂಡಿಯನ್ ಶೈಲಿ" ಆಯಿತು. "ಬುಡಕಟ್ಟಿನಿಂದ ಪ್ರೇರಿತ" ಆಯಿತು. "ನೈಋತ್ಯದ ಸೊಗಡು" ಆಯಿತು. ಒಂದು ಕಡೆ "ಅಪ್ಪಟ" ಅಂತ ಮಾತ್ರ ಬರೆದಿತ್ತು, ಏನು ಅಪ್ಪಟ ಅಂತ ಇಲ್ಲ. ಕೇಳಿದರೆ, ಅಪ್ಪಟ ಒಡವೆ ಸರ್.

ಹೊರದೇಶದಿಂದ ತರಿಸಿದ ಇಂಥ ಒಡವೆ ಮೇಲೆ ಯಾವ ದೇಶದ್ದು ಅಂತ ಅಳಿಸಲಾಗದ ಹಾಗೆ ಲೋಹದಲ್ಲೇ ಕೆತ್ತಬೇಕು ಅಂತ ಕಸ್ಟಮ್ಸ್ ನಿಯಮ ಹೇಳುತ್ತದೆ. ಮುಂದಿನ ಸಾಲಿನಲ್ಲೇ, ಕೆತ್ತೋದು ಕಷ್ಟವಾದರೆ ಚೀಟಿ ಅಂಟಿಸಬಹುದು ಅನ್ನುತ್ತದೆ. ಚೀಟಿ ಕೀಳಲು ಉಗುರು ಸಾಕು. ಉಗುರನ್ನು ಹಿಡಿಯುವವರು ಯಾರು?

ಹಾಗಾದ್ರೆ ದೂರು ಕೊಡೋಣ ಅಂತೀರಾ? ಕೊಟ್ಟಿದ್ದಾರೆ. 2006ರಿಂದ 2010ರವರೆಗೆ ಇದಕ್ಕೆಂದೇ ಇರುವ ಮಂಡಳಿಗೆ 649 ದೂರು ಬಂದವು. ಕೆಲವರಿಗೆ ಪತ್ರ ಹೋಯಿತು, ಕೆಲವು ತನಿಖೆಗೆ ಹೋದವು, ಕೇಂದ್ರ ಕೋರ್ಟಿಗೆ ಹೋದದ್ದು ಸೊನ್ನೆ. ಈ ಲೆಕ್ಕ ಕೊಟ್ಟದ್ದು ಅಮೆರಿಕ ಸರ್ಕಾರದ್ದೇ ಲೆಕ್ಕಪರಿಶೋಧನೆ ಕಚೇರಿ, 2011ರಲ್ಲಿ. ಆ ವರದಿಯ ಶೀರ್ಷಿಕೆಯ ಸಾರ ಏನು ಗೊತ್ತಾ? ಈ ಮಾರುಕಟ್ಟೆ ಎಷ್ಟು ದೊಡ್ಡದು, ಇದರಲ್ಲಿ ಮೋಸ ಎಷ್ಟು, ಎರಡೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನು ರಟ್ಟಿನ ಮೇಲೇ ಹಾಕಿದ್ದಾರೆ, ಒಳಗೆ ಓದುವ ಕಷ್ಟವೂ ಬೇಡ ಅಂತ. ನಮ್ಮ ಕಡೆಯ ಇಲಾಖೆಗಳಿಗೆ ಇಷ್ಟು ಧೈರ್ಯ ಇಲ್ಲ, ಸುಮ್ನೆ "ಪರಿಶೀಲನೆಯಲ್ಲಿದೆ" ಅಂತಾರೆ.

ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಫಿಲಿಪೀನ್ಸ್‌ನಲ್ಲಿ ಮಾಡಿಸಿದ ಒಡವೆ ಇಲ್ಲಿ ಇಂಡಿಯನ್ ಹೆಸರಲ್ಲಿ ಮಾರಾಟವಾಗುತ್ತಿದೆ ಅಂತ ವರ್ಷಗಟ್ಟಲೆ ತನಿಖೆ ನಡೆದು, 2015ರಲ್ಲಿ ದಾಳಿಯೂ ಆಗಿ, 2018ರಲ್ಲಿ ಅಲ್ಬುಕರ್ಕ್‌ನ ಒಬ್ಬ ಅಂಗಡಿಕಾರನಿಗೆ ಶಿಕ್ಷೆಯಾಯಿತು. 6 ತಿಂಗಳು ಜೈಲು, 9,048 ಡಾಲರ್ ಪರಿಹಾರ. ಪತ್ರಿಕೆಗಳು ಇದನ್ನು ದೊಡ್ಡ ಗೆಲುವು ಅಂದವು. ಕಾಯ್ದೆಯಲ್ಲಿ ಬರೆದ ಅಂಕಿ ಪಕ್ಕ ಇದನ್ನಿಟ್ಟು ನೋಡಿ, 70% ರಿಯಾಯಿತಿ ಬೋರ್ಡು ಅಂಗಡಿಗೆ ಮಾತ್ರ ಅಲ್ಲ ಅಂತ ಗೊತ್ತಾಗುತ್ತೆ.

ಕಲ್ಲಿನ ವಿಷಯ ಸ್ವಲ್ಪ ಹೇಳಲೇಬೇಕು. ಹೌಲೈಟ್ ಅಂತ ಬಿಳಿ ಕಲ್ಲಿಗೆ ನೀಲಿ ಬಣ್ಣ ಕುಡಿಸಿದರೆ ಫಿರೋಜಾ ಆಯಿತು. "ಬ್ಲಾಕ್" ಅಂತ ಇನ್ನೊಂದಿದೆ, ಅದರಲ್ಲಿ ಕಲ್ಲೇ ಇಲ್ಲ, ಬಣ್ಣದ ಪ್ಲಾಸ್ಟಿಕ್ಕು. ಸೂಜಿ ಕಾಯಿಸಿ ಚುಚ್ಚಿದರೆ ಸುಟ್ಟ ವಾಸನೆ ಬರುತ್ತೆ, ಆದ್ರೆ ಅಂಗಡಿಯಲ್ಲಿ ಸೂಜಿ ಕಾಯಿಸಲು ಯಾರೂ ಬಿಡಲ್ಲ. ಅರಿಜೋನಾದ ಸ್ಲೀಪಿಂಗ್ ಬ್ಯೂಟಿ ಗಣಿಯಲ್ಲಿ ಈ ಕಲ್ಲು ತೆಗೆಯೋದನ್ನು 2012ರಲ್ಲೇ ನಿಲ್ಲಿಸಿದರು. ಹಳೇ ದಾಸ್ತಾನು ಇಟ್ಟುಕೊಂಡವರು ಇದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲೂ ಬುಟ್ಟಿಗಟ್ಟಲೆ "ಸ್ಲೀಪಿಂಗ್ ಬ್ಯೂಟಿ" ಸಿಗುವುದು ನೋಡಿದರೆ, ಗಣಿ ಮಲಗಿದ ಮೇಲೇ ಜಾಸ್ತಿ ಹೆರುತ್ತಿದೆ ಅನ್ನಿಸುತ್ತದೆ.

ಇಷ್ಟೆಲ್ಲ ತಿಳಿದವನು ನೀನು, ಏನೂ ಕೊಳ್ಳಲಿಲ್ಲ ತಾನೆ ಅಂತ ಕೇಳಬೇಡಿ. ಹೆಂಡತಿಗೆ ಅಂತ ಅಂಗೈ ಅಗಲದ ನೀಲಿ ಪದಕ ಕೊಂಡೆ. ನಾನೂರು ಡಾಲರಿನದು ನೂರ ಇಪ್ಪತ್ತಕ್ಕೆ. ಚೌಕಾಸಿ ಮಾಡಿ ನೂರಕ್ಕೆ ಇಳಿಸಿದೆ. ಗೆದ್ದೆ ಅಂದುಕೊಂಡೆ. ಕಾರಿನಲ್ಲಿ ದೊಡ್ಡಮ್ಮ ಅದನ್ನು ತಿರುಗಿಸಿ ನೋಡಿ, ಉಗುರಲ್ಲಿ ಕೆರೆದು, "ಇಲ್ಲಿ ಅಂಟು ಅಂಟು ಇದೆಯಲ್ಲೋ, ಏನೋ ಚೀಟಿ ಕಿತ್ತಿರೋ ಹಾಗಿದೆ" ಅಂದರು. ನಾನು ರೇಡಿಯೋ ಹಾಕಿದೆ.

ಮಾರನೇ ದಿನ ಸಾಂಟಾ ಫೆ. ಅಲ್ಲಿ ಚೌಕದ ಪಕ್ಕ 1610ರಲ್ಲಿ ಕಟ್ಟಿದ ಗವರ್ನರ್ ಅರಮನೆ ಇದೆ. ಅದರ ಉದ್ದ ಜಗಲಿಯಲ್ಲಿ ಪುಯೆಬ್ಲೊ, ನವಾಹೊ ಮಂದಿ ಕಂಬಳಿ ಹಾಸಿಕೊಂಡು, ಗೋಡೆಗೆ ಒರಗಿ, ತಮ್ಮ ಒಡವೆ ಮಾರುತ್ತಾರೆ. ಬೆಳಗ್ಗೆ ಜಾಗಕ್ಕೆ ಚೀಟಿ ಎತ್ತಬೇಕು, ಸಿಗದಿದ್ದರೆ ಗಂಟು ಕಟ್ಟಿಕೊಂಡು ವಾಪಸ್ಸು. ಒಳಗೆ ಸೇರಲು ಬುಡಕಟ್ಟಿನ ಸದಸ್ಯತ್ವ ತೋರಿಸಬೇಕು, ಕೆಲಸ ಗೊತ್ತು ಅಂತ ಮಾಡಿ ತೋರಿಸಬೇಕು, ಪ್ರತಿ ಒಡವೆ ಮೇಲೂ ಮಾಡಿದವರ ಗುರುತು ಇರಬೇಕು, ತಪ್ಪಿದರೆ ಅವರದೇ ಸಮಿತಿ ಎಬ್ಬಿಸುತ್ತದೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅಂತ ಗಾದೆ ಕಟ್ಟಿದವರು ನಾವು, ಇಲ್ಲಿ ಅಕ್ಕಸಾಲಿಗೆ ಹೆಜ್ಜೆ ಹೆಜ್ಜೆಗೂ ಪರೀಕ್ಷೆ, ರಸ್ತೆ ಆಚೆ ಕಡೆ ಎಸಿ ಅಂಗಡಿಯವನಿಗೆ ಬೋರ್ಡು ಬರೆಯಲು ಬಣ್ಣ ಇದ್ದರೆ ಸಾಕು. 1970ರ ದಶಕದಲ್ಲಿ ಇಂಡಿಯನ್ ಅಲ್ಲದ ಒಂದು ಜೋಡಿ ನಾವೂ ಇದೇ ಥರದ ಒಡವೆ ಮಾಡ್ತೀವಿ, ನಮಗೂ ಜಗಲಿಯಲ್ಲಿ ಜಾಗ ಕೊಡಿ, ಇಲ್ಲದಿದ್ದರೆ ಅದು ತಾರತಮ್ಯ ಅಂತ ಕೋರ್ಟಿಗೆ ಹೋಗಿತ್ತು. ಇಡೀ ಖಂಡ ತೆಗೆದುಕೊಂಡ ಮೇಲೆ ಉಳಿದಿದ್ದ ಜಗಲಿ ಅದೊಂದೇ ನೋಡಿ. 1979ರಲ್ಲಿ ಮೇಲಿನ ಕೋರ್ಟು ಆಗಲ್ಲ ಅಂದಿತು, ಪುಣ್ಯ.

ಕೀವಾದ ಹೆಂಗಸೊಬ್ಬರ ಕಂಬಳಿ ಮುಂದೆ ದೊಡ್ಡಮ್ಮ ಕೂತೇಬಿಟ್ಟರು. ಒಂದು ಹಳೇ ಸರ ಮಾರಲು ಅಲ್ಲ, ಆಕೆಯ ಕತ್ತಿನಲ್ಲಿತ್ತು, ಕಪ್ಪು ಹಕ್ಕಿಯದು. 1930ರ ದಶಕದ ಕಷ್ಟಕಾಲದಲ್ಲಿ ಕಪ್ಪು ಕಲ್ಲು ಕೊಳ್ಳಲು ಕಾಸಿಲ್ಲದೆ ಅವರ ಊರಿನವರು ಹಳೇ ಕಾರ್ ಬ್ಯಾಟರಿಯ ಡಬ್ಬಿ ಕೊಯ್ದು ಹಕ್ಕಿ ಮಾಡಿದರು, ಒಡೆದ ಗ್ರಾಮಫೋನ್ ತಟ್ಟೆಯನ್ನೂ ಬಿಡಲಿಲ್ಲ. ಈಗ ಆ ಬ್ಯಾಟರಿ ಹಕ್ಕಿಗಳನ್ನು ಸಂಗ್ರಹ ಮಾಡುವವರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಬ್ಯಾಟರಿ ರಬ್ಬರಿನದು ಅಪ್ಪಟ, ನನ್ನ ನೂರು ಡಾಲರಿನ ಬೆಳ್ಳಿಯದು ನಕಲಿ. ಲೆಕ್ಕ ಅರ್ಥವಾಯಿತಲ್ಲ?

"ತೂಕ ಎಷ್ಟು?" ದೊಡ್ಡಮ್ಮ ಬಿಡಲಿಲ್ಲ, ಒಂದು ತೆಳು ಹೀಶಿ ಸರ ಹಿಡಿದು ಕೇಳಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಆಕೆ ನಕ್ಕು, ತೂಕ ಗೊತ್ತಿಲ್ಲ, ಮೂರು ವಾರ ಹಿಡಿಯಿತು ಅಂದರು. ದೊಡ್ಡಮ್ಮ ಸರವನ್ನು ಬೆರಳಲ್ಲಿ ಜಾರಿಸಿ ನೋಡಿ, ಚೌಕಾಸಿ ಮಾಡದೆ ಕೊಂಡರು. ಅವರು ಚೌಕಾಸಿ ಮಾಡದೆ ಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ, ಮಲ್ಲಿಗೆ ಹೂವನ್ನೂ ಸೇರಿಸಿ.

ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಮದುವೆ. ದೊಡ್ಡಮ್ಮ ಹೀಶಿ ಹಾಕಿಕೊಂಡಿದ್ದರು, ನನ್ನ ಹೆಂಡತಿ ಪದಕ. ಊಟದ ಸಾಲಿನಲ್ಲಿ ಚಿಕ್ಕತ್ತೆ ಇಬ್ಬರನ್ನೂ ನೋಡಿದರು. ಪದಕ ಹಿಡಿದು, "ಅಬ್ಬಾ, ಇದು ಅಮೆರಿಕದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ ಕಣೇ, ಏನು ಕೆಲಸ, ಏನು ಕಲ್ಲು!" ಅಂದರು. ಆಮೇಲೆ ದೊಡ್ಡಮ್ಮನ ಸರದ ಕಡೆ ತಿರುಗಿ, ಪಾಪ ಅನ್ನುವ ಮುಖ ಮಾಡಿ, "ಇಂಥದ್ದು ದೇವರಾಜ ಮಾರ್ಕೆಟ್ಟಿನಲ್ಲಿ ನೂರೈವತ್ತಕ್ಕೆ ಸಿಗುತ್ತಲ್ಲಕ್ಕಾ, ನಿಂಗೆಷ್ಟು ಹಾಕಿದ?" ಅಂದರು.

ದೊಡ್ಡಮ್ಮ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನೂರಕ್ಕೇ ಕೊಟ್ಟ ಕಣೇ" ಅಂದರು.