ನಡುವೆ ಬಂದ ಐಸು

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿಯ ತುದಿಗೆ ಒಂದು ಪುಟ್ಟ ರೆಸ್ಟೋರೆಂಟ್ ಇದೆ. ಹಳೇ ಮನೆಯ ಪಡಸಾಲೆ, ನಾಲ್ಕಾರು ಮೇಜು. ಅಡುಗೆ ಮಾಡುವ ಹುಡುಗನೇ ಬಡಿಸುತ್ತಾನೆ. ಹವಾಯಿ ಚಪ್ಪಲಿಯಲ್ಲಿ ಹೋದರೂ ಯಾರೂ ಮೇಲೆ ಕೆಳಗೆ ನೋಡುವುದಿಲ್ಲ. ಶನಿವಾರ ರಾತ್ರಿ ಮಾತ್ರ ಅಲ್ಲಿ ಟೇಸ್ಟಿಂಗ್ ಮೆನು. ನಾವು ಏನೂ ಆರ್ಡರ್ ಮಾಡುವ ಹಾಗಿಲ್ಲ. ಅವನಿಗೆ ತೋಚಿದ್ದು, ಏಳು ತಟ್ಟೆ, ಒಂದಾದ ಮೇಲೊಂದು ಬರುತ್ತದೆ.

ಬೈಲಹೊಂಗಲದಿಂದ ಬಂದಿದ್ದ ಕಾಕಾನನ್ನೂ ಕರೆದುಕೊಂಡು ಹೋದೆ.

ಮೊದಲ ತಟ್ಟೆಯಲ್ಲಿ ರೂಪಾಯಿ ಅಗಲದ ಜೋಳದ ರೊಟ್ಟಿ. ಅದರ ಮೇಲೆ ಬೆರಳ ತುದಿಯಷ್ಟು ಎಣ್ಣೆಗಾಯಿ, ಪಕ್ಕದಲ್ಲಿ ಗುರೆಳ್ಳು ಚಟ್ನಿಯ ಒಂದು ಬೊಟ್ಟು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತಾದ ಮೇಲೆ ಜೋಳಕ್ಕೂ ಇಂಥ ಪುಟ್ಟ ತಟ್ಟೆಯ ಯೋಗ ಬಂದಿದೆ. ಹುಡುಗ ಎಲ್ಲ ವಿವರಿಸಿದ. ಕಾಕಾ ಹಾಂ ಹಾಂ ಅನ್ನುತ್ತಾ ಕೇಳಿ, ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡು, ‘ಚಲೋ ಐತಿ. ಇನ್ನೆರಡು ಹಾಕು’ ಅಂದರು.

‘ಮುಂದ ಇನ್ನೂ ಆರು ಅದಾವ್ರಿ’ ಅಂದ ಹುಡುಗ.

ಕಾಕಾ ನನ್ನ ಮುಖ ನೋಡಿದರು. ಅವರದೂ ತಪ್ಪಲ್ಲ. ನಮ್ಮ ಖಾನಾವಳಿಗಳಲ್ಲಿ ‘ಸಾಕು’ ಅನ್ನುವ ಹಕ್ಕು ಉಣ್ಣುವವನದು. ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ರೊಟ್ಟಿ ಒಳಗೆ ಜಾರಿರುತ್ತದೆ. ಇಲ್ಲಿ ಸಾಕು ಅನ್ನುವುದು ಅಡುಗೆಮನೆ. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರು ಅವರಿಗೆ ಸಾಕು ಅಂದಿದ್ದರು.

ನನಗಂತೂ ಖುಷಿಯಾಗಿತ್ತು. ಮನೆಯಲ್ಲಿ ಪುಂಡಿ ಪಲ್ಯವನ್ನು ಸುಮ್ನೆ ರೊಟ್ಟಿಗೆ ಒತ್ತಿ ತಿಂದು ಏಳುತ್ತೇವೆ, ಅಲ್ವಾ? ಎರಡನೇ ತಟ್ಟೆಯಲ್ಲಿ ಅದು ಬಂದಿದ್ದೇ ಒಂದು ಚಮಚ. ಮೊದಲು ಹುಳಿ, ಆಮೇಲೆ ಬೆಳ್ಳುಳ್ಳಿ ಒಗ್ಗರಣೆ, ಕೊನೆಗೆ ಹಲ್ಲಿಗೆ ಸಿಕ್ಕ ಜೋಳದ ನುಚ್ಚು. ಜಾಸ್ತಿ ಕೊಟ್ಟಿದ್ದರೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ಇದನ್ನು ಕಾಕಾಗೆ ಹೇಳಿದೆ. ‘ಹೌದು, ಕಡಿಮಿ ಕೊಟ್ಟಾನ’ ಅಂದರು.

ಎಡವಟ್ಟಾಗಿದ್ದು ನಾಲ್ಕನೇ ತಟ್ಟೆಗೆ. ಇಂಡಿ ನಿಂಬೆಹಣ್ಣಿನ ಐಸು. ನಾಲಿಗೆಯ ಖಾರ ತೊಳೆದು ಮುಂದಿನ ತಟ್ಟೆಗೆ ಸಜ್ಜಾಗಲಿ ಅಂತ ನಡುವೆ ಕೊಡುವುದು. ಅಷ್ಟರಲ್ಲಿ ಹುಡುಗನಿಗೆ ಫೋನ್ ಬಂತು, ವಿವರಣೆ ತಪ್ಪಿತು. ನಮ್ಮ ಮದುವೆಗಳಲ್ಲಿ ಐಸ್‌ಕ್ರೀಮ್ ಬಂತು ಅಂದರೆ ಊಟ ಮುಗೀತು ಅಂತಲೇ ಲೆಕ್ಕ. ಕಾಕಾ ಐಸು ಮುಗಿಸಿ, ಕೈ ತೊಳೆದು, ‘ಬಂದೆ’ ಅಂತ ಹೊರಗೆ ನಡೆದರು. ಐದನೇ ತಟ್ಟೆ, ಬಿಸಿಬಿಸಿ ಝುಣಕದ ವಡೆ, ಬಂದಾಗ ಕಿಟಕಿಯಲ್ಲಿ ನೋಡುತ್ತೇನೆ: ಕಾಕಾ ಎದುರಿನ ಪಾನ್ ಅಂಗಡಿಯಲ್ಲಿ ನಿಂತು ಸುಣ್ಣ ಎಷ್ಟಿರಬೇಕು ಅಂತ ಬೆರಳಲ್ಲಿ ತೋರಿಸುತ್ತಿದ್ದಾರೆ.

ಕೆನ್ನೆ ಉಬ್ಬಿಸಿಕೊಂಡು ಬಂದು ಕುಳಿತರು. ಮುಂದಿದ್ದ ವಡೆ ನೋಡಿ ಕಣ್ಣಲ್ಲೇ ಕೇಳಿದರು. ಇನ್ನೂ ಎರಡು ಬಾಕಿ ಅಂದೆ. ಪಾನ್ ಉಗುಳುವ ಪ್ರಶ್ನೆಯೇ ಇಲ್ಲ. ಅವರ ತಟ್ಟೆ ನನ್ನ ಕಡೆ ಸರಿಯಿತು.

ಆರನೆಯದು ಮಂಡಿಗೆಯ ಒಂದು ಚೂರು. ಕಾಕಾನ ಅವ್ವ ಮದುವೆಮನೆಗಳಿಗೆ ಮಂಡಿಗೆ ಮಾಡಲು ಹೋಗುತ್ತಿದ್ದವರು. ಹೇಳುವುದು ಬೇಕಾದಷ್ಟಿತ್ತು, ಬಾಯಿ ಖಾಲಿ ಇರಲಿಲ್ಲ. ಕೈ ಮೇಲೆತ್ತಿ ಹಾಳೆ ಬೀಸಿದರು. ಎರಡೂ ಅಂಗೈ ಬೋರಲು ಹಾಕಿ, ಕೆಳಗೆ ಬೆರಳು ಆಡಿಸಿ ಬೆಂಕಿ ಹಚ್ಚಿದರು. ಹುಡುಗ ಗಂಭೀರವಾಗಿ ನೋಡಿ, ‘ಆಮಿ ಏನ್ರಿ?’ ಅಂದ. ಬೋರಲು ಹಾಕಿದ ಮಡಕೆ ಅಂತ ನಾನು ಅನುವಾದಿಸಬೇಕಾಯಿತು. ಕುಂದಾ ಬರುವ ಹೊತ್ತಿಗೆ ಟೇಸ್ಟಿಂಗ್ ಮೆನುವಿನಲ್ಲೂ ನನ್ನ ಹೊಟ್ಟೆ ಬಿರಿಯುತ್ತಿತ್ತು.

ಬಿಲ್ಲಿನ ಜೊತೆ ಅಭಿಪ್ರಾಯದ ಚೀಟಿ ಬಂತು. ‘ನಿಮಗೆ ತುಂಬಾ ಹಿಡಿಸಿದ್ದು?’ ಅನ್ನುವ ಜಾಗದಲ್ಲಿ ಕಾಕಾ ದಪ್ಪಕ್ಷರದಲ್ಲಿ ಬರೆದರು: ಪಾನ್.

ಹುಡುಗ ಓದಿ, ಅಡುಗೆಮನೆ ಕಡೆ ಒಮ್ಮೆ ತಿರುಗಿ ನೋಡಿ, ಮೆಲ್ಲಗೆ ಕೇಳಿದ: ‘ಯಾವ ಅಂಗಡಿದ್ರಿ?’