ಟೈನ್‌ಹ್ಯಾಮ್ ದೆವ್ವದ ಊರಲ್ಲ

ಟೈನ್‌ಹ್ಯಾಮ್ ಬಗ್ಗೆ ಮತ್ತೊಂದು ವಿಡಿಯೋ ನಮ್ಮ ಇಲ್ಲಿನ ಕನ್ನಡದವರ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿದೆ. ಸೂರಿಲ್ಲದ ಕಲ್ಲಿನ ಮನೆಗಳು, ಹಿನ್ನೆಲೆಯಲ್ಲಿ ಊಳಿಡುವ ಗಾಳಿ, "ಇಂಗ್ಲೆಂಡಿನ ದೆವ್ವದ ಹಳ್ಳಿ" ಅಂತ ಕೆಂಪಕ್ಷರ. ನಾವಿರುವ ಕಡೆಯಿಂದ ಆ ಊರಿಗೆ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು. ಊರಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿದ್ದೇನೆ. ದೆವ್ವ ಯಾರಿಗೂ ಸಿಕ್ಕಿಲ್ಲ. ಆದರೆ ಅಲ್ಲಿ ನಡೆದದ್ದು ದೆವ್ವದ ಕಥೆಗಿಂತ ಕೆಟ್ಟದ್ದು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಕೌಂಟಿಯಲ್ಲಿ, ಎರಡು ಗುಡ್ಡಗಳ ನಡುವೆ ಟೈನ್‌ಹ್ಯಾಮ್ ಇದೆ. ಸ್ವಲ್ಪ ನಡೆದರೆ ವರ್‌ಬ್ಯಾರೋ ಅನ್ನುವ ಕೊಲ್ಲಿ. ಊರಿನ ಗಂಡಸರು ಕೆಲವರು ಹೊಲದಲ್ಲಿ ದುಡಿಯುತ್ತಿದ್ದರು, ಕೆಲವರು ಆ ಕೊಲ್ಲಿಯಲ್ಲಿ ಬಂಗುಡೆ ಜಾತಿಯ ಮೀನು ಹಿಡಿಯುತ್ತಿದ್ದರು. ಒಂದು ಚರ್ಚು, ಒಂದು ಶಾಲೆ, ಒಂದು ಪೋಸ್ಟ್ ಆಫೀಸು. ಅದರ ಮುಂದೆ 1929ರಲ್ಲಿ ಟೆಲಿಫೋನ್ ಬೂತೂ ಬಂತು. ಅದೊಂದೇ ಆಧುನಿಕತೆ ಅನ್ನಿ. ಕರೆಂಟು ಇರಲಿಲ್ಲ.

ಹತ್ತಿರದ ಲಲ್‌ವರ್ತ್‌ನಲ್ಲಿ ಮೊದಲನೇ ಮಹಾಯುದ್ಧದ ಕಾಲದಿಂದಲೂ ಸೈನ್ಯದವರು ಟ್ಯಾಂಕುಗಳಿಂದ ಗುಂಡು ಹಾರಿಸುವ ತರಬೇತಿ ಕೊಡುತ್ತಿದ್ದರು. ಎರಡನೇ ಯುದ್ಧದಲ್ಲಿ ಆ ಜಾಗ ಸಾಲದಾಯಿತು. 1943ರ ನವೆಂಬರಿನಲ್ಲಿ ಮನೆಮನೆಗೂ ಕಾಗದ ಬಂತು: ದೇಶದ ಹಿತಕ್ಕಾಗಿ ಊರು ಖಾಲಿ ಮಾಡಿ. ಕ್ರಿಸ್‌ಮಸ್‌ಗೆ ಮೊದಲೇ ಸುಮಾರು 225 ಜನ ಗಂಟುಮೂಟೆ ಕಟ್ಟಿದರು. ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದರು. ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ, ಜನ ಸ್ವತಂತ್ರರಾಗಿ ಉಳಿಯಲಿ ಅಂತ ಈ ಯುದ್ಧ ಗೆಲ್ಲಲು ನಾವು ತಲೆಮಾರುಗಳಿಂದ ಬಾಳಿದ ಮನೆ ಬಿಟ್ಟುಕೊಟ್ಟಿದ್ದೇವೆ, ಮುಂದೊಂದು ದಿನ ವಾಪಸ್ ಬರುತ್ತೇವೆ ಅನ್ನುವುದು ಅದರ ಸಾರ.

ಯಾರೂ ವಾಪಸ್ ಬರಲಿಲ್ಲ. ಯುದ್ಧ ಮುಗಿಯಿತು. 1948ರಲ್ಲಿ ಸರ್ಕಾರ ಇಡೀ ಜಾಗವನ್ನು ಕಡ್ಡಾಯವಾಗಿ ಕೊಂಡುಕೊಂಡಿತು. ಈಗಲೂ ಅದು ಸೈನ್ಯದ್ದೇ.

ಇಷ್ಟನ್ನು ವಿಡಿಯೋ ಮಾಡುವವರೂ ಹೇಳುತ್ತಾರೆ, ಕೊನೆಗೆ ಆ ಚೀಟಿಯನ್ನು ತೋರಿಸಿ ಪಿಯಾನೋ ಬಾರಿಸುತ್ತಾರೆ. ಅವರು ಬಿಡುವುದು ಲೆಕ್ಕಾಚಾರದ ಭಾಗವನ್ನು. ಊರಿನ ಮನೆಗಳು ಊರಿನವರದ್ದಾಗಿರಲಿಲ್ಲ. ಬಹುಪಾಲು ಬಾಂಡ್ ಅನ್ನುವ ಜಮೀನ್ದಾರ ಮನೆತನಕ್ಕೆ ಸೇರಿದ್ದವು. ಬಾಡಿಗೆದಾರರಿಗೆ ಮನೆ ಹೋಗಿದ್ದಕ್ಕೆ ಪರಿಹಾರ ಎಲ್ಲಿಂದ ಬರಬೇಕು? ಹಿತ್ತಲಿನಲ್ಲಿ ಬೆಳೆದಿದ್ದ ತರಕಾರಿಯ ಬೆಲೆ ಕಟ್ಟಿ ಕೊಟ್ಟರು, ಅಷ್ಟೇ. ತಲೆಮಾರುಗಟ್ಟಲೆ ಬಾಳಿದ್ದಕ್ಕೆ ಕೋಸು, ಕ್ಯಾರೆಟ್ಟಿನ ದುಡ್ಡು. ಪಿಯಾನೋ ಬಾರಿಸಬೇಕಾದ್ದು ಇಲ್ಲಿ ಅಲ್ವಾ?

ಸೈನ್ಯ ಬರದಿದ್ದರೆ ಟೈನ್‌ಹ್ಯಾಮ್ ಇಂದಿಗೂ ನಳನಳಿಸುತ್ತಿತ್ತು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಮಕ್ಕಳೇ ಸಾಲದೆ ಅಲ್ಲಿನ ಶಾಲೆ 1932ರಲ್ಲೇ ಮುಚ್ಚಿತ್ತು. ಅಂದರೆ ಊರು ಖಾಲಿಯಾಗುವುದಕ್ಕೆ 11 ವರ್ಷ ಮೊದಲು. ಹೊಲದ ಕೆಲಸ ಕಡಿಮೆಯಾಗಿ ಜನ ಆಗಲೇ ಬೇರೆ ಕಡೆ ಮುಖ ಮಾಡಿದ್ದರು. ಊರು ಬಿಟ್ಟವರಲ್ಲಿ ಹಲವರಿಗೆ ಆಮೇಲೆ ವೇರ್‌ಹ್ಯಾಮ್ ಹತ್ತಿರದ ಸ್ಯಾಂಡ್‌ಫರ್ಡ್‌ನಲ್ಲಿ ಕೌನ್ಸಿಲ್ ಮನೆ, ಅಂದರೆ ಸ್ಥಳೀಯ ಆಡಳಿತ ಕಟ್ಟಿಸಿ ಬಾಡಿಗೆಗೆ ಕೊಡುವ ಮನೆ, ಸಿಕ್ಕಿತು. ಮನೆಯೊಳಗೇ ನಲ್ಲಿ, ಸ್ವಿಚ್ ಒತ್ತಿದರೆ ದೀಪ. ಚರ್ಚಿನ ಹತ್ತಿರದ ಊರ ನಲ್ಲಿಯಿಂದ ನೀರು ಹೊತ್ತವರಿಗೆ ಇದು ಸಣ್ಣ ಸುಖವಲ್ಲ. ಇದನ್ನು ಹೇಳಿದರೆ ಕಣ್ಣೀರಿನ ಕಥೆ ಕೆಡುತ್ತದೆ, ಅದಕ್ಕೇ ಯಾರೂ ಹೇಳುವುದಿಲ್ಲ.

ಹಾಗಾದರೆ ಊರು ಸ್ವರ್ಗವಾಗಿತ್ತು ಅನ್ನುವ ಚಿತ್ರ ಬಂದದ್ದೆಲ್ಲಿಂದ? ನನ್ನ ಪ್ರಕಾರ ಮಕ್ಕಳಿಂದ. 1943ರಲ್ಲಿ ಹಿರಿಯರಾಗಿದ್ದವರು ಬೇಗ ತೀರಿಕೊಂಡರು. ಕೊನೆಯ ತನಕ ಉಳಿದು ಪತ್ರಿಕೆ, ಟಿವಿಯವರ ಮುಂದೆ ನೆನಪು ಹೇಳಿದವರು ಆಗ ಹುಡುಗರಾಗಿದ್ದವರು, ಹೆಚ್ಚೆಂದರೆ ಹದಿಹರೆಯದವರು. ಅವರಿಗೆ ನೆನಪಿರುವುದು ಸಮುದ್ರ, ದೋಣಿ, ಗುಡ್ಡ. ಬಾಡಿಗೆ ಕಟ್ಟಿದ್ದು, ಧಣಿಗಳಿಗೆ ಟೋಪಿ ತೆಗೆದು ನಿಂತದ್ದು ಅಪ್ಪನ ನೆನಪು. ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ನಮ್ಮ ಮನೆಯಲ್ಲೇ ಕಾರಣ ಇದೆ. ನಮ್ಮಮ್ಮನ ತವರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಮ್ಮ ಆಗ ಸಣ್ಣವಳು. ಊರಿನ ಮಾತು ತೆಗೆದರೆ ಅವಳಿಗೆ ಹಲಸಿನ ಮರ, ಹೊಳೆಯಲ್ಲಿ ಈಜಿದ್ದು, ಕೊಟ್ಟಿಗೆಯ ದನಗಳ ಹೆಸರು. ಅಜ್ಜಿ ಮಾತ್ರ ಒಂದೇ ಮಾತಿಗೆ ಮುಗಿಸುತ್ತಿದ್ದಳು: "ಗೇಣಿ ಅಳೆದು ಅಳೆದೇ ಆಯಸ್ಸು ಕಳೀತು. ಪರಿಹಾರ ಬಂದದ್ದು ಒಡೆಯರಿಗೆ, ನಮಗೆ ಬಂದದ್ದು ಲಾರಿ." ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅಮ್ಮನ ಊರು ಫೇಸ್‌ಬುಕ್ಕಿಗೆ ಬರುತ್ತದೆ, ಅಜ್ಜಿಯ ಊರು ಬರುವುದಿಲ್ಲ.

ಹಾಗಂತ ಮಕ್ಕಳ ನೆನಪು ಬೇಡ ಅಂತಲ್ಲ. ಟೈನ್‌ಹ್ಯಾಮ್‌ನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಆ ಶಾಲೆಯೇ. ಹಳೆಯ ಕಾಲದಲ್ಲಿ ಹೇಗಿತ್ತೋ ಹಾಗೆ ಜೋಡಿಸಿಟ್ಟಿದ್ದಾರೆ. ಕೋಟು ನೇತುಹಾಕುವ ಗೂಟಗಳಿಗೆ ಮಕ್ಕಳ ಹೆಸರು, ಡೆಸ್ಕಿನ ಮೇಲೆ ಮಕ್ಕಳು ಬರೆದ ಪುಸ್ತಕ. ಗಿಡ, ಹಕ್ಕಿ, ಹುಳ ನೋಡಿ ಬರೆಯುವುದು ಅವರ ಪಾಠದ ಒಂದು ಭಾಗವಾಗಿತ್ತು. ಪಾಳು ಮನೆಗಳಲ್ಲಿ ಒಂದೊಂದರೊಳಗೂ ಯಾವ ಸಂಸಾರ ಇತ್ತು ಅಂತ ಫಲಕ ಹಾಕಿದ್ದಾರೆ. ಸೈನ್ಯದ ಕಡತಕ್ಕೆ ಬೇಕಾದದ್ದು ಎಕರೆ ಲೆಕ್ಕ. ಯಾವ ಬಾಗಿಲ ಹಿಂದೆ ಯಾರಿದ್ದರು ಅನ್ನುವುದು ಅಲ್ಲಿ ಬೆಳೆದವರಿಗೇ ಗೊತ್ತು.

ಇಂಗ್ಲೆಂಡಿನಲ್ಲಿ ಹೀಗೆ ಹೋದದ್ದು ಇದೊಂದೇ ಊರಲ್ಲ. ವಿಲ್ಟ್‌ಶೈರಿನ ಇಂಬರ್ ಕೂಡ ಅದೇ ಡಿಸೆಂಬರಿನಲ್ಲಿ ಖಾಲಿಯಾಯಿತು, ಅಲ್ಲಿಗೂ ಜನ ಮರಳಲಿಲ್ಲ. ಆದರೆ ಡೆವನ್‌ನ ಸ್ಲ್ಯಾಪ್ಟನ್ ಸುತ್ತಮುತ್ತ ಅದೇ ಸಮಯದಲ್ಲಿ ಸುಮಾರು 3,000 ಜನರನ್ನು ಎಬ್ಬಿಸಿದ್ದರು. ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿಯುವ ಮೊದಲು ಅಮೆರಿಕದ ಸೈನಿಕರು ಅಭ್ಯಾಸ ಮಾಡಿದ್ದು ಆ ತೀರದಲ್ಲೇ. ಸ್ಲ್ಯಾಪ್ಟನ್ ಕಡೆಯ ಜನರಿಗೆ ಮಾತ್ರ ಊರು ವಾಪಸ್ ಸಿಕ್ಕಿತು. ಹಾಗಾಗಿ ಯುದ್ಧ, ತ್ಯಾಗ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬಾರದು. 1943ರಲ್ಲಿ ಊರು ಕೇಳಿದ್ದು ಒಂದು. 1948ರಲ್ಲಿ ಕೊಡುವುದಿಲ್ಲ ಅಂದದ್ದು ಇನ್ನೊಂದು. ಮೊದಲನೆಯದಕ್ಕೆ ಹಿಟ್ಲರ್ ಕಾರಣ, ಎರಡನೆಯದಕ್ಕೆ ಲಂಡನ್ನಿನ ಕಚೇರಿಗಳು.

ಒಂದು ವಿಚಿತ್ರ ಲಾಭವೂ ಆಗಿದೆ, ಹೇಳಲೇಬೇಕು. ಟ್ಯಾಂಕುಗಳ ಕಾಟಕ್ಕೆ ರೆಸಾರ್ಟು ಬರಲಿಲ್ಲ, ಲೇಔಟ್ ಬರಲಿಲ್ಲ, ಹೊಲಕ್ಕೆ ಕೀಟನಾಶಕ ಬೀಳಲಿಲ್ಲ. ಕಾಡುಹೂವು, ಚಿಟ್ಟೆ ಧಾರಾಳವಾಗಿವೆ. ಬೇರೆ ಕರಾವಳಿ ಊರುಗಳಲ್ಲಿ ರಜೆಮನೆಗಳ ಬೆಲೆಗೆ ಹೆದರಿ ಸ್ಥಳೀಯರೇ ಊರು ಬಿಡುತ್ತಿರುವಾಗ ಇದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹೋಗುವವರಿಗೆ: ಬಹುಪಾಲು ವಾರಾಂತ್ಯಗಳಲ್ಲಿ ತೆರೆದಿರುತ್ತದೆ, ಆಗಸ್ಟ್‌ನಲ್ಲೂ ಸಾಮಾನ್ಯವಾಗಿ ತೆರೆದಿರುತ್ತದೆ. ಗುಂಡು ಹಾರಿಸುವ ದಿನ ಕೆಂಪು ಬಾವುಟ ಹಾರಿಸಿ ದಾರಿ ಮುಚ್ಚುತ್ತಾರೆ, ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಿ. ಹಳದಿ ಕಂಬಗಳ ಗೆರೆ ದಾಟಬೇಡಿ, ಆಚೆ ಸಿಡಿಯದ ಶೆಲ್ಲುಗಳಿರಬಹುದು. ಮಕ್ಕಳಿದ್ದರೆ ಮೊದಲು ಶಾಲೆಗೆ ಹೋಗಿ. ಬುತ್ತಿ ಕಟ್ಟಿಕೊಂಡು ಹೋಗಿ. ಆಮೇಲೆ ಗ್ರೂಪಿಗೆ ಫೋಟೋ ಹಾಕುವಾಗ ದಯವಿಟ್ಟು ಆ ಗಾಳಿಯ ಸದ್ದು ಸೇರಿಸಬೇಡಿ.